ಚಡಾವಿನಲ್ಲಿ ಕಾರು ಹಿಂದೆ ಸರಿಯದಿರಲು: ಡಿಸಿಟಿ ಗಾಡಿ ನಡೆಸುವವರಿಗೆ ಸೂಚನೆ

ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಕಾರು ನಡೆಸುವ ಎಲ್ಲರಿಗೂ ಈ ಸೂಚನೆ. ಡಿಎಸ್‌ಜಿ, ಡಿಸಿಟಿ, ಡಿಸಿಎ ಎಂದು ಕಂಪನಿಗಳು ಬೇರೆ ಬೇರೆ ಹೆಸರಿಟ್ಟಿವೆ. 2013ರ ಪೋಲೋ ಜಿಟಿ, 2019ರ ವೆನ್ಯೂ, 2022ರ ಆಲ್ಟ್ರೋಜ್, ಎಲ್ಲದರ ಒಳಗಿನ ಕಥೆ ಒಂದೇ.

ಘಾಟೇ ಇಲ್ಲದ ಬಯಲುಸೀಮೆಗೆ ಇದೆಲ್ಲ ಯಾಕೆ ಎನ್ನಬೇಡಿ. ಘಾಟಿನಲ್ಲಿ ಎಲ್ಲರೂ ಎಚ್ಚರ ಇರುತ್ತಾರೆ. ಮೋಸ ಮಾಡುವುದು ರೈಲ್ವೆ ಮೇಲ್ಸೇತುವೆಯ ಏರು, ಕಾಲುವೆ ದಾಟುವ ದಿನ್ನೆ. ಮೂವತ್ತಡಿಗೆ ಒಂದಡಿ ಏರುವ ರಸ್ತೆ ಕಣ್ಣಿಗೆ ಸಮತಟ್ಟಾಗಿಯೇ ಕಾಣುತ್ತದೆ. ಆದರೆ ಜನ ತುಂಬಿ 1,500 ಕಿಲೋ ತೂಗುವ ಕಾರನ್ನು ಅದು 50 ಕಿಲೋ ಭಾರದಷ್ಟು ಹಿಂದಕ್ಕೆಳೆಯುತ್ತಿರುತ್ತದೆ.

ಹಳೆಯ ಮಾದರಿಯ ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಅದರೊಳಗೆ ತಿರುಗುವ ಎಣ್ಣೆ ಕಾರನ್ನು ಸದಾ ಸ್ವಲ್ಪ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಡಿಸಿಟಿಯಲ್ಲಿ ಅದಿಲ್ಲ. ಮ್ಯಾನುವಲ್ ಗಾಡಿಯಲ್ಲಿರುವಂಥ ಕ್ಲಚ್ಚೇ ಇಲ್ಲೂ ಇರುವುದು: ಒಂದು, ಮೂರು, ಐದನೇ ಗೇರಿಗೆ ಒಂದು, ಎರಡು, ನಾಲ್ಕು, ಆರಕ್ಕೆ ಇನ್ನೊಂದು. ಒತ್ತಿ ಬಿಡುವ ಕೆಲಸ ಕಂಪ್ಯೂಟರಿನದು. ಬ್ರೇಕ್ ಒತ್ತಿ ನಿಂತಾಗ ಅದು ಕ್ಲಚ್ ಬಿಡಿಸುತ್ತದೆ. ಕಾಲು ತೆಗೆದ ಮೇಲೆ ಮತ್ತೆ ಹಿಡಿಸಲು ಅರೆಗಳಿಗೆ ಬೇಕು. ಕಾರು ಹಿಂದೆ ಸರಿಯುವುದು ಆ ಅರೆಗಳಿಗೆಯಲ್ಲಿ. ಗಾಡಿ ಕೆಟ್ಟಿದೆ ಎಂದು ಗ್ಯಾರೇಜಿಗೆ ಓಡುವ ಮೊದಲು ಇದು ಗೊತ್ತಿರಲಿ.

ಮಾಡಬೇಕಾದ್ದು

• ಏರಿನಲ್ಲಿ ನಿಂತಷ್ಟು ಹೊತ್ತೂ ಬ್ರೇಕ್ ಒತ್ತಿಯೇ ಇರಬೇಕು. ಆಟೊ ಹೋಲ್ಡ್ ಗುಂಡಿ ಇದ್ದರೆ ಹಾಕಿಕೊಳ್ಳಿ.

• ಹೊರಡುವಾಗ ಅನುಮಾನವಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯಿರಿ, ಹಗುರಾಗಿ ರೇಸ್ ಕೊಡಿ, ಗಾಡಿ ಮುಂದಕ್ಕೆ ಜಗ್ಗುವುದು ತಿಳಿದ ಮೇಲೆಯೇ ಹ್ಯಾಂಡ್‌ಬ್ರೇಕ್ ಬಿಡಿ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತದ್ದೇ ಇದು. ಆಟೊಮ್ಯಾಟಿಕ್ ಬಂತೆಂದು ಮರೆತಿದ್ದೇವೆ.

• ಕಬ್ಬಿನ ಹಂಗಾಮಿನಲ್ಲಿ ಮುಂದೆ ಎರಡು ಟ್ರಾಲಿಯ ಟ್ರ್ಯಾಕ್ಟರ್ ಇದ್ದರೆ ಏರಿನ ಬುಡದಲ್ಲೇ ತಡೆದು ನಿಲ್ಲಿ. ಅದು ಮೇಲೆ ಹತ್ತಿದ ಮೇಲೆ ಒಂದೇ ಓಟದಲ್ಲಿ ಹತ್ತಿರಿ. ಅದರ ಬೆನ್ನಿಗೆ ಅಂಟಿಕೊಂಡು ಇಂಚಿಂಚು ತೆವಳಿದರೆ ಇಡೀ ದಾರಿ ಹಾಫ್ ಕ್ಲಚ್ಚಿನಲ್ಲೇ ನಡೆಸಿದಂತೆ. ಬುಡದಲ್ಲೇ ನಿಂತಿದ್ದರೆ ಟ್ರಾಲಿಯೇ ಹಿಂದೆ ಸರಿದರೂ ನಿಮಗೆ ಜಾಗ ಉಳಿದಿರುತ್ತದೆ.

• ಏರಿನಲ್ಲಿ ಪಾರ್ಕ್ ಮಾಡುವಾಗ ಕ್ರಮ ತಪ್ಪಬಾರದು: ಬ್ರೇಕ್ ಒತ್ತಿದಂತೆಯೇ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಆಮೇಲೆ ಪಿ. ಮೊದಲೇ ಪಿ ಹಾಕಿ ಕಾಲು ತೆಗೆದರೆ ಇಡೀ ಗಾಡಿಯ ಭಾರ ಗೇರ್‌ಬಾಕ್ಸಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ.

ಮಾಡಬಾರದ್ದು

• ರೇಸ್ ಮೇಲೆ ಗಾಡಿ ನಿಲ್ಲಿಸಲೇಬಾರದು. ಇದೊಂದು ತಪ್ಪೇ ಉಳಿದೆಲ್ಲಕ್ಕಿಂತ ದುಬಾರಿ. ಬ್ರೇಕ್ ಬಿಟ್ಟು, ರೇಸ್ ಕೊಡುತ್ತ, ಹಿಂದೂ ಹೋಗದೆ ಮುಂದೂ ಹೋಗದೆ ಕಾರನ್ನು ತೂಗಿಸಿ ನಿಲ್ಲಿಸುವುದು ಕೆಲವರಿಗೆ ಕೈಚಳಕ. ಅಷ್ಟೂ ಹೊತ್ತು ಕ್ಲಚ್ ಪ್ಲೇಟು ಉಜ್ಜಿ ಕಾಯುತ್ತಿರುತ್ತದೆ. ಒಣ ಕ್ಲಚ್ಚಿನ ಗಾಡಿಗಳಲ್ಲಿ ಅದನ್ನು ತಂಪು ಮಾಡಲು ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಆ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಹೆಚ್ಚು ತಾಳುತ್ತದೆ, ಆದರೆ ಅದಕ್ಕೂ ಮಿತಿಯಿದೆ.

• ಹಿಲ್ ಹೋಲ್ಡ್ ಇದೆ ಎಂದು ಮೈಮರೆಯಬೇಡಿ. ಅದು ಬ್ರೇಕನ್ನು ಹಿಡಿದಿಡುವುದು ಎರಡು-ಮೂರು ಸೆಕೆಂಡು ಮಾತ್ರ. ಸಣ್ಣ ಏರನ್ನು ಎಷ್ಟೋ ಗಾಡಿಗಳಲ್ಲಿ ಅದು ಏರೆಂದು ಎಣಿಸುವುದೇ ಇಲ್ಲ.

• ಹಿಂದೆ ಸರಿಯುತ್ತಿರುವ ಗಾಡಿಗೆ ಗಾಬರಿಯಲ್ಲಿ ಜೋರು ರೇಸ್ ಕೊಡಬೇಡಿ. ಮೊದಲು ಬ್ರೇಕ್. ಪೂರ್ತಿ ನಿಂತ ಮೇಲೆ ಮುಂದಿನ ಮಾತು.

• ಒಂದು ಕಾಲು ಬ್ರೇಕಿಗೆ, ಇನ್ನೊಂದು ರೇಸಿಗೆ: ಬೇಡ.

• ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಬೇಡಿ. ಉಳಿಯುವುದೂ ಇಲ್ಲ.

• ಗೇರ್‌ಬಾಕ್ಸ್ ಕಾದಿದೆ ಎಂಬ ಎಚ್ಚರಿಕೆ ಮೀಟರಿನಲ್ಲಿ ಬಂದರೆ, ಇಲ್ಲವೇ ಹೊರಡುವಾಗ ಗಾಡಿ ನಡುಗಿದರೆ, ಮುಂದೆ ಓಡಿಸಬೇಡಿ. ಇನ್ನೂ ಕಾದರೆ ಕಂಪ್ಯೂಟರ್ ಕ್ಲಚ್ಚನ್ನು ಬಿಡಿಸಿಬಿಡಬಹುದು; ಏರಿನ ನಡುವೆ ಹಾಗಾದರೆ ಹಿಡಿಯಲು ಉಳಿಯುವುದು ಬ್ರೇಕ್ ಒಂದೇ. ಸಮತಟ್ಟು ಜಾಗಕ್ಕೆ ತಂದು ಪಿ ಹಾಕಿ, ಎಚ್ಚರಿಕೆ ಹೋಗುವ ತನಕ ಕಾಯಿರಿ.

• ಬೈಕಿನವರಿಗೂ ಒಂದು ಮಾತು: ಮೇಲ್ಸೇತುವೆಯ ಏರಿನಲ್ಲಿ ನಿಂತ ಯಾವ ಕಾರಿನ ಬಂಪರಿಗೂ ಮುಂದಿನ ಗಾಲಿ ತಾಗಿಸಿ ನಿಲ್ಲಬೇಡಿ. ಒಂದು ಬೈಕಿನಷ್ಟು ಜಾಗ ಬಿಡಿ.