ಬಿಸಿನೀರಿನ ಬುಗ್ಗೆ: ಒಂದು ಪದದ ವಿಚಾರ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದಲ್ಲಿ, ಸೀರೆ ಹೊಳೆಯ ದಡದ ಮೇಲೆ, ‘ಬೆಂದ್ರ್ ತೀರ್ಥ’ವೆಂಬ ಒಂದು ಕೊಳವಿದೆ. ಅದಕ್ಕೆ ನೀರು ನೆಲದೊಳಗಿನಿಂದ ತಾನಾಗಿಯೇ ಬರುತ್ತದೆ. ಆ ನೀರಿಗೆ ಗಂಧಕದ ವಾಸನೆಯಿದೆ. ಅದರ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ಗೆ ಸಮೀಪವೆಂದು ದಾಖಲಾಗಿದೆ. ತುಳುವಿನಲ್ಲಿ ‘ಬೆಂದ್ರ್’ ಎಂದರೆ ಬಿಸಿನೀರು. ಹಳೆಯ ಕನ್ನಡದ ‘ಬೆನ್ನೀರ್’, ತಮಿಳಿನ ‘ವೆನ್ನೀರ್’ ಅದರ ಒಡಹುಟ್ಟುಗಳು. ಇಂತಹ ಸ್ಥಳವನ್ನು ನೋಡಿ ಬಂದ ವಿದ್ಯಾರ್ಥಿಗಳಲ್ಲಿ ಒಬ್ಬನು ಅದನ್ನು ‘ಬಿಸಿನೀರಿನ ಬುಗ್ಗೆ’ ಎಂದೂ, ಇನ್ನೊಬ್ಬನು ‘ಚಿಲುಮೆ’ ಎಂದೂ, ಮತ್ತೊಬ್ಬನು ‘ಗೀಸರ್’ ಎಂದೂ ಬರೆಯುವುದುಂಟು. ಈ ಮೂರೂ ಒಂದೆಯೇ? ಹೆಸರು ತಪ್ಪಿದರೆ ಕೆಡುವುದೇನು? ಇದನ್ನು ನಾವು ಸ್ವಲ್ಪ ಪರಿಶೀಲಿಸೋಣ.

ಮೊದಲು ‘ಬುಗ್ಗೆ’ಯನ್ನು ತೆಗೆದುಕೊಳ್ಳೋಣ. ಭೂಮಿಯೊಳಗಿನ ನೀರು, ಯಾರೂ ಅಗೆಯದೆ, ಯಾರೂ ಸೇದದೆ, ಹೊರಕ್ಕೆ ಬರುವ ಸ್ಥಳವೇ ಬುಗ್ಗೆ. ನಮ್ಮ ಭಾಷೆಯಲ್ಲಿ ಇದಕ್ಕೆ ಪದಗಳ ಬಡತನವಿಲ್ಲ. ಹೊಳೆಯ ಮರಳಿನಲ್ಲಿ ಮೆಲ್ಲಗೆ ಒಸರುವುದು ಒರತೆ. ಊಟೆಯೆಂಬ ಮಾತೂ ಬಳಕೆಯಲ್ಲಿದೆ. ‘ಚಿಲುಮೆ’ ಎಂದೊಡನೆ ಮೇಲಕ್ಕೆ ಚಿಮ್ಮುವ ನೀರೇ ಹಲವರ ಕಣ್ಣಮುಂದೆ ಬರುತ್ತದೆ. ಆದರೆ ತುಮಕೂರಿನ ಬಳಿ, ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಯಲ್ಲಿ ನೀರು ಬಂಡೆಯ ಸಣ್ಣ ಕುಳಿಯಿಂದ ಸದ್ದಿಲ್ಲದೆ ಹೊರಬರುತ್ತದೆ. ಆದುದರಿಂದ ಬುಗ್ಗೆ ಮತ್ತು ಚಿಲುಮೆಗಳನ್ನು ಸಮಾನಾರ್ಥಕಗಳೆಂದು ಎಣಿಸಿದರೆ ದೋಷವಿಲ್ಲ.

‘ಗೀಸರ್’ ಪದದ ಮಾತು ಬೇರೆ. ಐಸ್‌ಲೆಂಡ್ ದ್ವೀಪದಲ್ಲಿ ‘ಗೇಸಿರ್’ ಎಂಬ ಒಂದು ಪ್ರಸಿದ್ಧ ಬುಗ್ಗೆಯಿದೆ. ಉಕ್ಕಿ ಹರಿಯುವುದೆಂಬ ಅರ್ಥವುಳ್ಳ ಅಲ್ಲಿಯ ಕ್ರಿಯಾಪದದಿಂದ ಅದಕ್ಕೆ ಆ ಹೆಸರು ಬಂದಿತು. ಒಂದು ಬುಗ್ಗೆಯ ಅಂಕಿತನಾಮವು ಕಾಲಕ್ರಮದಲ್ಲಿ ಆ ಜಾತಿಯ ಬುಗ್ಗೆಗಳಿಗೆಲ್ಲ ರೂಢನಾಮವಾಯಿತು. 1868ರಲ್ಲಿ ಲಂಡನ್ನಿನಲ್ಲಿ ಅನಿಲದ ಉರಿಯಿಂದ ನೀರು ಕಾಯಿಸುವ ಯಂತ್ರವೊಂದಕ್ಕೂ ಅದನ್ನೇ ಇಟ್ಟರು. ನಮ್ಮ ಬಚ್ಚಲುಮನೆಗಳ ‘ಗೀಸರ್’ ಆ ವಂಶದ್ದು; ಅದಕ್ಕೂ ಬುಗ್ಗೆಗೂ ಹೆಸರಿನ ಸಂಬಂಧವೇ ಹೊರತು ಬೇರೇನೂ ಇಲ್ಲ.

ವಿಜ್ಞಾನದಲ್ಲಿ ಗೀಸರ್ ಎಂದರೆ ಬಿಡುವು ಕೊಟ್ಟು ಕೊಟ್ಟು ಬಿಸಿನೀರನ್ನೂ ಹಬೆಯನ್ನೂ ಎತ್ತರಕ್ಕೆ ಎಸೆಯುವ ಬುಗ್ಗೆ. ಇದರ ಮರ್ಮವೇನು? 1846ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಬುನ್ಸೆನ್ ಐಸ್‌ಲೆಂಡಿಗೆ ಹೋಗಿ, ಗೇಸಿರ್‌ನ ಕೊಳವೆಯಲ್ಲಿ ಬೇರೆ ಬೇರೆ ಆಳಗಳ ಉಷ್ಣತೆಯನ್ನು ಅಳೆದನು. ಆಳದ ನೀರು 100 ಡಿಗ್ರಿಯನ್ನು ಮೀರಿದ್ದರೂ ಕುದಿಯುತ್ತಿರಲಿಲ್ಲ. ಮೇಲಿನ ನೀರಿನ ಭಾರದಿಂದ ಅಲ್ಲಿ ಒತ್ತಡ ಹೆಚ್ಚು. ಒತ್ತಡ ಹೆಚ್ಚಿದಂತೆ ಕುದಿಯುವ ಬಿಂದುವೂ ಏರುತ್ತದೆ. ಆ ನೀರು ಸ್ವಲ್ಪ ಮೇಲಕ್ಕೆ ಸರಿದರೆ ಸಾಕು, ಒತ್ತಡ ತಗ್ಗಿ ಥಟ್ಟನೆ ಹಬೆಯಾಗುತ್ತದೆ. ಮೇಲಿನ ನೀರನ್ನೆಲ್ಲ ಹೊರಕ್ಕೆ ದೂಡುತ್ತದೆ. ಇದಕ್ಕೆ ಅಪಾರ ಶಾಖವೂ ಇಕ್ಕಟ್ಟಾದ ಕೊಳವೆಯೂ ಬೇಕು. ಎಲ್ಲ ಗೀಸರುಗಳೂ ಬಿಸಿನೀರಿನ ಬುಗ್ಗೆಗಳೇ; ಆದರೆ ಎಲ್ಲ ಬಿಸಿನೀರಿನ ಬುಗ್ಗೆಗಳೂ ಗೀಸರುಗಳಲ್ಲ. ಬೆಂದ್ರ್ ತೀರ್ಥವನ್ನು ಗೀಸರ್ ಎನ್ನಲಾಗದು.

ಇನ್ನು ಉಳಿದದ್ದು ‘ಬಿಸಿ’. ನೋಡಲು ಸುಲಭವಾದ ಈ ಪದವೇ ನಿಜಕ್ಕೂ ತೊಡಕಿನದು. ಮಾರ್ಗಶಿರದ ಮುಂಜಾನೆ ಬಾವಿಯಿಂದ ಸೇದಿದ ನೀರು ಬೆಚ್ಚಗಿರುವುದನ್ನೂ, ಬೇಸಗೆಯ ಮಧ್ಯಾಹ್ನ ಅದೇ ನೀರು ತಣ್ಣಗಿರುವುದನ್ನೂ ನಾವೆಲ್ಲರೂ ಅನುಭವಿಸಿದ್ದೇವೆ. ಆಳದ ಬಾವಿಯ ನೀರಿನ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಹೊರಗಿನ ಗಾಳಿ ಮತ್ತು ನಮ್ಮ ಚರ್ಮದ ಅನುಭವ. ಕೈಯನ್ನು ನಂಬಿ ಬಿಸಿಯನ್ನು ನಿರ್ಣಯಿಸುವಂತಿಲ್ಲ.

ಹಾಗಾದರೆ ಒಂದು ಅಂಕಿಯನ್ನು ಗೊತ್ತುಮಾಡೋಣವೆ? ಕೆಲವರು ಮಾನವ ಶರೀರದ ಉಷ್ಣತೆಯಾದ 37 ಡಿಗ್ರಿಯನ್ನು ಎಲ್ಲೆಯಾಗಿ ಇಡುತ್ತಾರೆ. ಜಪಾನಿನಲ್ಲಿ 1948ರ ಶಾಸನದಂತೆ 25 ಡಿಗ್ರಿ ಇದ್ದರೆ ಸಾಕು, ಆ ಬುಗ್ಗೆ ‘ಒನ್ಸೆನ್’ ಎನಿಸಿಕೊಳ್ಳುತ್ತದೆ. ಜಪಾನಿನ ಚಳಿಗೆ ಅದು ಸರಿಯೇ. ಆದರೆ ನಮ್ಮ ಕರಾವಳಿಯಲ್ಲಿ ವರ್ಷದ ಸರಾಸರಿ ಉಷ್ಣತೆಯೇ ಸುಮಾರು 27 ಡಿಗ್ರಿ. ಆ ಅಂಕಿಯನ್ನು ಇಲ್ಲಿಗೆ ತಂದರೆ ಮಂಗಳೂರಿನ ಮನೆಮನೆಯ ಬಾವಿಯ ನೀರೂ ಬಿಸಿನೀರಾದೀತು! ಇದಕ್ಕಾಗಿಯೇ, ಆಯಾ ಸ್ಥಳದ ವಾರ್ಷಿಕ ಸರಾಸರಿ ಉಷ್ಣತೆಗಿಂತ ಗಮನಾರ್ಹವಾಗಿ ಬಿಸಿಯಾಗಿರುವ ನೀರಿನ ಬುಗ್ಗೆಯೇ ಬಿಸಿನೀರಿನ ಬುಗ್ಗೆ ಎಂಬ ಲಕ್ಷಣವು ನಮಗೆ ಹೆಚ್ಚು ಯುಕ್ತವೆಂದು ತೋರುತ್ತದೆ.

‘ಕುದಿಯುವ’ ಎಂಬ ವಿಶೇಷಣವನ್ನೂ ಎಚ್ಚರದಿಂದ ಬಳಸಬೇಕು. ಲಡಾಖಿನ ಪೂಗಾ ಕಣಿವೆಯ ಬುಗ್ಗೆಗಳಲ್ಲಿ ನೀರು ಸುಮಾರು 84 ಡಿಗ್ರಿಯವರೆಗೆ ಕಾದಿರುತ್ತದೆ. ಸುಮಾರು 4,400 ಮೀಟರ್ ಎತ್ತರದ ಆ ಸ್ಥಳದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಹೆಚ್ಚುಕಡಿಮೆ ಅದೇ ಕುದಿಯುವ ಬಿಂದು. ಪಶ್ಚಿಮ ಬಂಗಾಳದ ಬಕ್ರೇಶ್ವರದಲ್ಲಾದರೋ ಗುಳ್ಳೆಗಳು ಏಳುತ್ತಿದ್ದರೂ ಅದು ಕುದಿತವಲ್ಲ. ಹೊರಬರುವುದು ಹೀಲಿಯಂ ಬೆರೆತ ಅನಿಲ. ಶಿಲೆಗಳಲ್ಲಿರುವ ಯುರೇನಿಯಂ, ಥೋರಿಯಂಗಳ ವಿಕಿರಣ ಕ್ರಿಯೆಯಲ್ಲಿ ಹೀಲಿಯಂ ಹುಟ್ಟುತ್ತದೆ. ಜೊತೆಗೆ ಶಾಖವೂ ಹುಟ್ಟುತ್ತದೆ. ಭೂಮಿಯ ಒಡಲು ಬಿಸಿಯಾಗಿರುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಯೇ ಹೆಸರಿನ ಮಹತ್ತ್ವ ತಿಳಿಯುವುದು. ಗೀಸರ್ ಎಂದರೆ ಸಾಮಾನ್ಯವಾಗಿ ಸಮೀಪದಲ್ಲಿ ಶಿಲಾದ್ರವ ಇರಬೇಕು. ಬೆಂದ್ರ್ ತೀರ್ಥವನ್ನು ಗೀಸರ್ ಎಂದವನು ಪುತ್ತೂರಿನಲ್ಲಿ ಜ್ವಾಲಾಮುಖಿಯನ್ನು ಹುಡುಕಬೇಕಾದೀತು. ಭಾರತದಲ್ಲಿ ಜೀವಂತ ಜ್ವಾಲಾಮುಖಿಯಿರುವುದು ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿ ಮಾತ್ರ. ಆದರೂ ದೇಶದಲ್ಲಿ 300ಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳಿವೆ.

ಈ ಶಾಖ ಎಲ್ಲಿಂದ ಬಂದಿತು? ಉತ್ತರವನ್ನು ಕೋಲಾರದ ಚಿನ್ನದ ಗಣಿ ಕೊಡುತ್ತದೆ. 2001ರಲ್ಲಿ ಮುಚ್ಚಿದ ಆ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಉಷ್ಣತೆ ಸುಮಾರು 65 ಡಿಗ್ರಿ. ನೆಲದ ಮೇಲಿನದು ಸುಮಾರು 25. ವ್ಯತ್ಯಾಸವಾದ 40ನ್ನು 3.2ರಿಂದ ಭಾಗಿಸಿದರೆ ಕಿಲೋಮೀಟರಿಗೆ 12.5 ಡಿಗ್ರಿ ಬರುತ್ತದೆ. ಲೋಕದ ಹಲವೆಡೆ ಈ ಏರಿಕೆ 25ರಿಂದ 30 ಡಿಗ್ರಿ. ನಮ್ಮ ಪುರಾತನ ಶಿಲೆಗಳಲ್ಲಿ ಕಡಿಮೆ. ಬೆಂದ್ರ್ ತೀರ್ಥದ ನೀರು 27ರಿಂದ 40 ಡಿಗ್ರಿಗೆ ಏರಲು ಬೇಕಾದದ್ದು 13 ಡಿಗ್ರಿ. ಕೋಲಾರದ ಲೆಕ್ಕವನ್ನೇ ಹಿಡಿದರೆ, ಮಳೆಯ ನೀರು ಬಿರುಕುಗಳಲ್ಲಿ ಸುಮಾರು 1 ಕಿಲೋಮೀಟರ್ ಇಳಿದು ಮರಳಿ ಬಂದರೆ ಸಾಕು. ಮೇಲಕ್ಕೆ ಬರುವಾಗ ಅದು ತುಸು ತಣಿಯುವುದರಿಂದ ಇನ್ನೂ ಆಳಕ್ಕೆ ಹೋಗಿರಬೇಕು. ಜ್ವಾಲಾಮುಖಿಯ ಹಂಗಿಲ್ಲದೆ ನೀರು ಬಿಸಿಯಾಗುವ ಬಗೆ ಇದು.

ಒಟ್ಟಿನಲ್ಲಿ, ತಾನಾಗಿ ಹೊರಬರುವ ನೀರಿಗೆ ಬುಗ್ಗೆ ಅಥವಾ ಚಿಲುಮೆ ಎನ್ನೋಣ. ಬಿಡುವು ಕೊಟ್ಟು ಚಿಮ್ಮುವುದಕ್ಕೆ ಮಾತ್ರ ಗೀಸರ್ ಎನ್ನೋಣ. ಬಿಸಿ ಎನ್ನುವ ಮುನ್ನ ಉಷ್ಣಮಾಪಕವನ್ನು ಕೇಳೋಣ. ವಿದ್ಯಾರ್ಥಿಗಳು ತಮ್ಮ ಊರಿನ ಆಳವಾದ ಬಾವಿಯೊಂದರ ನೀರಿನ ಉಷ್ಣತೆಯನ್ನು ತಿಂಗಳಿಗೊಮ್ಮೆಯಂತೆ ಒಂದು ವರ್ಷ ಅಳೆದು ಬರೆದಿಡಲಿ. ದೊರೆಯುವ ಸರಾಸರಿಯೇ ಆ ಊರಿನ ಅಳತೆಗೋಲು. ಮುಂದೆ ಯಾವ ಬುಗ್ಗೆಯ ಬಳಿ ನಿಂತರೂ ಅದು ಎಷ್ಟು ಬಿಸಿ, ಯಾವುದಕ್ಕಿಂತ ಬಿಸಿ ಎಂಬುದನ್ನು ಅವರು ನಿಶ್ಚಯವಾಗಿ ಹೇಳಬಲ್ಲರು.