ರಿಬ್ಬನ್ ಲೆಕ್ಕ ಮೊದಲು, ಪ್ರಿಂಟರ್ ಆಮೇಲೆ

ಗುರುತಿನ ಚೀಟಿಯ ಪ್ರಿಂಟರ್ ಕೊಳ್ಳುವಾಗ ನಮ್ಮ ಖರೀದಿ ಸಮಿತಿಗಳು ಮೂರು ಕೊಟೇಶನ್ ತರಿಸುತ್ತವೆ, ತುಲನಾ ಪಟ್ಟಿ ಮಾಡುತ್ತವೆ, ಕಡಿಮೆ ದರದ್ದಕ್ಕೆ ಸಹಿ ಹಾಕುತ್ತವೆ. ಆ ಪಟ್ಟಿಯಲ್ಲಿ ರಿಬ್ಬನ್ನಿಗೆ ಕಾಲಮ್ಮೇ ಇರುವುದಿಲ್ಲ. ಸಹಿ ಹಾಕಿದ ಸಾಹೇಬರು ವರ್ಗವಾಗಿ ಹೋಗುತ್ತಾರೆ. ವರ್ಷವರ್ಷವೂ ರಿಬ್ಬನ್ನಿಗೆ ಇಂಡೆಂಟ್ ಬರೆದು ಬೈಸಿಕೊಳ್ಳುವವರು ನಮ್ಮಂಥವರು. ಹಾಗಾಗಿ ನಾನು ಖಚಿತವಾಗಿ ಹೇಳಬಲ್ಲೆ: ಮೊದಲು ಕಾರ್ಡು ಹೇಗಿರಬೇಕೆಂದು ತೀರ್ಮಾನಿಸಬೇಕು, ಆಮೇಲೆ ಒಂದು ಕಾರ್ಡಿಗೆ ಎಷ್ಟು ಬೀಳುತ್ತದೆಂದು ನೋಡಬೇಕು, ಯಂತ್ರದ ದರ ಕಟ್ಟಕಡೆಗೆ.

ಇದಕ್ಕೆ ಕಾರಣ ಯಂತ್ರದೊಳಗೇ ಇದೆ. ಬಣ್ಣದ ರಿಬ್ಬನ್ನಿನಲ್ಲಿ ಹಳದಿ, ಮಜೆಂಟಾ, ಸಯಾನ್, ಕಪ್ಪು ಮತ್ತು ಮೇಲ್ಪದರ ಎಂದು ೫ ಪಟ್ಟಿಗಳು ಸಾಲಾಗಿರುತ್ತವೆ. ೮೫.೬ ಮಿ.ಮೀ. ಉದ್ದದ ಕಾರ್ಡಿನಲ್ಲಿ ಬಣ್ಣವಿರುವುದು ಅಂಚೆಚೀಟಿಯಷ್ಟು ಫೋಟೋದಲ್ಲಿ ಮಾತ್ರವಾದರೂ ಐದೂ ಪಟ್ಟಿ ಖರ್ಚಾಗುತ್ತವೆ. ಹೆಸರಿನಲ್ಲಿ ಒಂದಕ್ಷರ ತಪ್ಪಿ ಮತ್ತೆ ಮುದ್ರಿಸಿದರೆ ಮತ್ತೊಂದು ಸೆಟ್ ಹೋಯಿತು. ಹಿಂಬದಿಯಲ್ಲಿ ಬರೀ ವಿಳಾಸ, ರಕ್ತದ ಗುಂಪು ಇದ್ದರೆ ಅಲ್ಲಿಗೆ ಕಪ್ಪು ಸಾಕು; ಅದಕ್ಕೆಂದೇ ಇನ್ನೊಂದು ಕಪ್ಪು ಪಟ್ಟಿ ಸೇರಿಸಿದ ರಿಬ್ಬನ್ ಸಿಗುತ್ತದೆ. ಲಾಂಛನ, ಬಣ್ಣದ ಹಿನ್ನೆಲೆಯನ್ನು ಪ್ರೆಸ್ಸಿನಲ್ಲಿ ಮೊದಲೇ ಅಚ್ಚು ಹಾಕಿಸಿಕೊಂಡು, ಫೋಟೋ ಕಪ್ಪು-ಬಿಳುಪು ಸಾಕೆಂದು ಒಪ್ಪಿದರೆ ಬರೀ ಕಪ್ಪು ರಿಬ್ಬನ್ನಿನಲ್ಲೇ ಕೆಲಸ ಮುಗಿಯುತ್ತದೆ. ಒಳಗೆ ಚಿಪ್ ಇರುವ ಕಾರ್ಡಿನ ಮಾತು ಬೇರೆ. ಅದರ ಮೈ ಪೂರ್ತಿ ಸಮತಟ್ಟಾಗಿರದ ಕಾರಣ, ನೇರವಾಗಿ ಒತ್ತುವ ಪ್ರಿಂಟರಿನಲ್ಲಿ ಬಿಳಿ ಕಲೆ ಉಳಿಯಬಹುದು. ಮೊದಲು ಫಿಲ್ಮಿನ ಮೇಲೆ ಮುದ್ರಿಸಿ ಅದನ್ನು ಕಾರ್ಡಿಗೆ ಅಂಟಿಸುವ ರೀಟ್ರಾನ್ಸ್‌ಫರ್ ಯಂತ್ರ ದುಬಾರಿಯಾದರೂ ಅಲ್ಲಿ ಅದೇ ಸರಿ. ವಿನ್ಯಾಸ ನಿಶ್ಚಯವಾಗದೆ ಯಂತ್ರ ಆರಿಸುವುದು ಹೆಣ್ಣು ನೋಡುವ ಮೊದಲೇ ಲಗ್ನಪತ್ರಿಕೆ ಅಚ್ಚು ಹಾಕಿಸಿದಂತೆ.

ಕಡಿಮೆ ದರಕ್ಕೇ ಕೊಡಬೇಕು, ಇಲ್ಲದಿದ್ದರೆ ಆಡಿಟ್‌ನವರು ಬಿಡುವುದಿಲ್ಲ ಎನ್ನುತ್ತಾರೆ. ಒಪ್ಪಿದೆ, ಆದರೆ ಯಾವುದರ ದರ ಎಂದು ಬರೆಯುವವರು ನಾವೇ ತಾನೆ? ಯಂತ್ರದ ಜೊತೆ ಮೂರು ವರ್ಷದ ರಿಬ್ಬನ್, ಕ್ಲೀನಿಂಗ್ ಕಿಟ್, ಪ್ರಿಂಟ್ ಹೆಡ್ಡಿನ ವಾರಂಟಿ ಸೇರಿಸಿ ದರ ಕೇಳಿದರೆ ಕಡಿಮೆ ದರದವರೇ ಬೇರೆಯಾದಾರು. ಅಗ್ಗದ ಕಂಪ್ಯಾಟಿಬಲ್ ರಿಬ್ಬನ್ ಹಾಕಿದರಾಯಿತು ಎನ್ನುವವರು ವಾರಂಟಿ ಪತ್ರವನ್ನು ಓದಲಿ: ಕಂಪನಿಯದಲ್ಲದ ರಿಬ್ಬನ್ ಬಳಸಿದರೆ ಹೆಡ್ಡಿನ ಹೊಣೆ ತಮ್ಮದಲ್ಲವೆಂಬ ಷರತ್ತು ಅಲ್ಲಿ ಸಾಮಾನ್ಯ. ಇಂಕ್‌ಜೆಟ್‌ನ ಟ್ರೇಯಲ್ಲಿ ಕಾರ್ಡಿಟ್ಟು ಮುದ್ರಿಸುವುದು ಅಗ್ಗವೇನೋ ನಿಜ. ಎರಡು ದಿನದ ಸಮ್ಮೇಳನಕ್ಕೆ ಅದು ಧಾರಾಳವಾಯಿತು. ದಿನವೂ ಕೊರಳಲ್ಲಿ ತೂಗಿ ಉಜ್ಜಿಸಿಕೊಳ್ಳುವ ಕಾರ್ಡಿಗೆ ಮೇಲ್ಪದರ ಬೇಕೇ ಬೇಕು.

ವರ್ಷಕ್ಕೆ ನೂರಿನ್ನೂರು ಕಾರ್ಡು ಮಾತ್ರ ಬೇಕಾದವರು ಹೊರಗೆ ಮಾಡಿಸುವುದೇ ಲೇಸು, ಯಂತ್ರವನ್ನು ಧೂಳಿಗೆ ಬಿಟ್ಟರೆ ಹೆಡ್ ಕೆಡುತ್ತದೆ. ಹಾಗಾದರೆ ಸಿಬ್ಬಂದಿಯ ಮಾಹಿತಿ ಹೊರಗೆ ಹೋಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಕೆಲಸ ಮುಗಿದ ಮೇಲೆ ಕಡತ ಅಳಿಸಬೇಕೆಂದು ಅಂಗಡಿಯವರಿಂದ ಬರೆಸಿಕೊಳ್ಳಬೇಕು. ಆದರೆ ಒಳಗೇ ಮುದ್ರಿಸಿದ ಮಾತ್ರಕ್ಕೆ ಮಾಹಿತಿ ಭದ್ರವೆಂದುಕೊಳ್ಳಬೇಡಿ. ಬಳಸಿದ ರಿಬ್ಬನ್ನಿನ ಕಪ್ಪು ಪಟ್ಟಿಯನ್ನು ಬೆಳಕಿಗೆ ಹಿಡಿದರೆ ಪ್ರತಿಯೊಬ್ಬರ ಹೆಸರು, ಸಂಖ್ಯೆ ಓದಲು ಬರುತ್ತದೆ. ಅದನ್ನು ಕಸದ ಬುಟ್ಟಿಗೆ ಹಾಕದೆ ಕತ್ತರಿಸಿ ನಾಶಮಾಡುವ ಕೆಲಸ ಯಾರದೆಂಬುದನ್ನೂ ಖರೀದಿ ಆದೇಶದ ದಿನವೇ ಬರೆದಿಡಿ.