ಗೂಡುಪೆಟ್ಟಿಗೆಯಲ್ಲಿ ಗಾಯಗೊಂಡ ಹಕ್ಕಿ: ಏನು ಮಾಡಬೇಕು?

ಪ್ರಶ್ನೆ: ಮನೆಯ ಮಾಡಿನಡಿ ತೂಗುಹಾಕಿದ ಮರದ ಪೆಟ್ಟಿಗೆಯಲ್ಲಿ ಮಡಿವಾಳ ಹಕ್ಕಿ ಮರಿ ಮಾಡಿದೆ. ನಿನ್ನೆ ಬೆಕ್ಕು ಕಾಲು ತೂರಿಸಿ ಹೆಣ್ಣುಹಕ್ಕಿಯನ್ನು ಪರಚಿತು. ಒಂದು ರೆಕ್ಕೆ ಜೋತುಬಿದ್ದಿದೆ. ಅರಸಿನ ಹಚ್ಚಿ ನೀರು ಕುಡಿಸಬಹುದೇ? ನರಳಿಸುವುದಕ್ಕಿಂತ ಕೊಲ್ಲುವುದೇ ಮೇಲು ಎನ್ನುತ್ತಾರೆ ಹಿರಿಯರು.
– ಓದುಗರೊಬ್ಬರು, ಕಲ್ಯಾಣಪುರ

ಉತ್ತರ: ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಉಡುಪಿಯ ವಲಯ ಅರಣ್ಯಾಧಿಕಾರಿ ಕಚೇರಿಗೂ ತಿಳಿಸಬಹುದು. ನಾಳೆ ನೋಡೋಣ ಎನ್ನಬೇಡಿ. ಬೆಕ್ಕಿನ ಬಾಯಲ್ಲಿರುವ ಬ್ಯಾಕ್ಟೀರಿಯಾ ಹಕ್ಕಿಯ ರಕ್ತ ಸೇರಿದರೆ ಒಂದೆರಡು ದಿನದಲ್ಲೇ ಜೀವ ತೆಗೆಯುತ್ತದೆ. ಉಗುರಿನಿಂದಲೂ ಅದು ತಾಗಬಹುದು. ಮೇಲೆ ಕಾಣುವುದು ಸೂಜಿಮೊನೆಯಷ್ಟು ಗಾಯವಾದರೂ ಪಶುವೈದ್ಯರು ಆ್ಯಂಟಿಬಯಾಟಿಕ್ ಕೊಡಲೇಬೇಕಾಗುತ್ತದೆ.

ಅರಸಿನ, ಎಣ್ಣೆ ಬೇಡವೇ ಬೇಡ. ಗರಿಗಳು ಅಂಟಿಕೊಂಡರೆ ಹಕ್ಕಿ ಮೈಯ ಬಿಸಿ ಉಳಿಸಿಕೊಳ್ಳಲಾರದು. ನೀರು ಕುಡಿಸುವುದು ಇನ್ನೂ ಅಪಾಯ. ಹಕ್ಕಿಯ ಕೊಕ್ಕು ಬಿಡಿಸಿ ನೋಡಿದರೆ ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ಕಾಣುತ್ತದೆ. ಅದೇ ಶ್ವಾಸನಾಳದ ಬಾಯಿ. ನಾವು ಬಿಡುವ ಹನಿ ನೇರ ಅಲ್ಲಿಗೇ ಇಳಿದು ಉಸಿರು ಕಟ್ಟಿಸಬಹುದು.

ಹಕ್ಕಿಯ ಮೇಲೆ ತೆಳು ಹತ್ತಿಬಟ್ಟೆ ಹಾಕಿ, ರೆಕ್ಕೆ ಮೈಗೊತ್ತುವಂತೆ ಮೆಲ್ಲಗೆ ಹಿಡಿದು ಹೊರತೆಗೆಯಿರಿ. ಎದೆ ಒತ್ತಬೇಡಿ, ಎದೆ ಅಲುಗದಿದ್ದರೆ ಹಕ್ಕಿಗೆ ಉಸಿರಾಡಲಾಗದು. ತೂತು ಕೊರೆದ ರಟ್ಟಿನ ಪೆಟ್ಟಿಗೆಯೊಳಗೆ ಬಟ್ಟೆ ಹಾಸಿ ಬಿಟ್ಟು, ಮುಚ್ಚಿ. ಮೈ ತಣ್ಣಗಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಬದಿಗೆ ಒತ್ತಿ ಇಡಿ. ಆಮೇಲೆ ಮುಚ್ಚಳ ತೆಗೆದು ತೆಗೆದು ನೋಡಬೇಡಿ, ಮಕ್ಕಳಿಗೂ ತೋರಿಸಬೇಡಿ. ಕತ್ತಲೆ ಮತ್ತು ಮೌನವೇ ಅದಕ್ಕೆ ಆಗ ದೊಡ್ಡ ಔಷಧ.

ಮರಿಗಳನ್ನು ಗೂಡಿನಲ್ಲೇ ಬಿಡಿ. ಮಡಿವಾಳದಲ್ಲಿ ಕಾವು ಕೊಡುವುದು ಹೆಣ್ಣೇ, ಆದರೆ ಗುಟುಕು ಕೊಡಲು ಗಂಡೂ ಬರುತ್ತದೆ. ಗರಿ ಮೂಡಿದ ಮರಿಗಳನ್ನು ಅದೊಂದೇ ಸಾಕುವ ಸಾಧ್ಯತೆ ಇದೆ. ದೂರದಲ್ಲಿ ಕುಳಿತು ಗಮನಿಸಿ. ಮರಿಗಳ ಮೈ ಬರಿದಾಗಿದ್ದರೆ, ಅವಕ್ಕೂ ಉಗುರು ತಾಗಿದ್ದರೆ ಅಥವಾ ಗಂಡು ಬಾರದಿದ್ದರೆ ಅದನ್ನೂ ಇಲಾಖೆಗೆ ಹೇಳಿ.

ಕೊಲ್ಲುವ ಮಾತಿನ ಹಿಂದಿರುವ ಮರುಕ ನನಗೆ ಅರ್ಥವಾಗುತ್ತದೆ. ಆದರೆ ಆ ತೀರ್ಮಾನ ನಮ್ಮದಲ್ಲ. ಗುಣವಾಗುವ ಗಾಯ ಯಾವುದು, ಆಗದ್ದು ಯಾವುದು ಎಂದು ಹೇಳಬಲ್ಲವರು ವೈದ್ಯರು. ನೋವಿಲ್ಲದ ಸಾವು ಕೊಡುವ ಬಗೆಯೂ ಅವರಿಗೆ ಗೊತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಕಾಡುಹಕ್ಕಿಯನ್ನು ಕೊಲ್ಲಲು, ಮನೆಯಲ್ಲಿಟ್ಟು ಸಾಕಲು ನಮಗೆ ಅವಕಾಶ ಕೊಡುವುದಿಲ್ಲ. ಕೈಗೆ ಬಂದ ವನ್ಯಜೀವಿಯ ಬಗ್ಗೆ 48 ಗಂಟೆಯೊಳಗೆ ತಿಳಿಸಬೇಕೆಂದೂ ಅದರಲ್ಲಿದೆ. ಜೀವ ಉಳಿಸಲು ಹೊರಟ ನಿಮಗೆ ಆ ಫೋನ್ ಕರೆಯೇ ರಕ್ಷಣೆ.

ಮರಿಗಳು ಹಾರಿಹೋದ ಮೇಲೆ ಪೆಟ್ಟಿಗೆಯನ್ನು ಅಲ್ಲಿಂದ ತೆಗೆದು, ಬೆಕ್ಕು ಹತ್ತಲಾಗದ ನುಣುಪು ಕಂಬಕ್ಕೆ ಕಟ್ಟಿ. ತೂತಿನ ಕೆಳಗೆ ಕೂರಲು ಕಡ್ಡಿ ಇದ್ದರೆ ಕಿತ್ತುಹಾಕಿ. ಮಡಿವಾಳಕ್ಕೆ ಅದು ಬೇಕಿಲ್ಲ, ಬೆಕ್ಕಿಗೆ ಮಾತ್ರ ಹಿಡಿತ ಸಿಗುತ್ತದೆ.